ಗದ್ದೆಗೆ ಪಾರಿವಾಳ ಬಂದಾಗ ಎಲ್ಲಿ ಕೂತು ಕಾಯಬೇಕು?

ಸಕಲೇಶಪುರ, ಆಲೂರು ಕಡೆ ಭತ್ತ ಹಾಲುಗಾಳು ಕಟ್ಟೋ ಹೊತ್ತಿಗೆ ಪ್ರತಿ ವರ್ಷ ಒಂದೇ ಪ್ರಶ್ನೆ ಬರುತ್ತೆ: "ಹಕ್ಕಿ ಕಾಟ ತಡೆಯಕ್ಕಾಗ್ತಿಲ್ಲ, ಅಟ್ಟಣೆ ಎಲ್ಲಿ ಹಾಕ್ಸೋದು?" ಅದರ ಹಿಂದೆಯೇ ಸ್ವಲ್ಪ ದನಿ ತಗ್ಗಿಸಿ ಇನ್ನೊಂದು: "ಮನೇಲಿ ಕೋವಿ ಇದೆ. ನಾಲ್ಕು ಪಾರಿವಾಳ ಹೊಡೆದು ಬೇಲಿಗೆ ಕಟ್ಟಿದ್ರೆ ಉಳಿದವು ಬರಲ್ವಂತಲ್ಲ?"

ಎರಡನೇದನ್ನು ಮೊದಲು ಮುಗಿಸೋಣ. ಬೆಳೆ ರಕ್ಷಣೆಗೆ ಅಂತ ಕೊಟ್ಟಿರುವ ಲೈಸೆನ್ಸ್ ಕೋವಿ ಇಟ್ಟುಕೊಳ್ಳೋದಕ್ಕೆ. ಕಾಡುಪ್ರಾಣಿ, ಹಕ್ಕಿ ಹೊಡೆಯೋದಕ್ಕೆ ಅದು ಅನುಮತಿ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ನವಿಲು ಮೊದಲನೇ ಪರಿಶಿಷ್ಟದಲ್ಲೇ ಇದೆ. ಗಿಳಿ, ರಾಟವಾಳ, ಬೆಳವ, ಹಸಿರು ಪಾರಿವಾಳ ಇವಕ್ಕೂ ರಕ್ಷಣೆ ಇದೆ. ಬೆಳಗಿನ ಮಸುಕು ಬೆಳಕಲ್ಲಿ ಹಾರಿಹೋಗೋ ಗುಂಪಿನಲ್ಲಿ ಯಾವುದು ಊರ ಪಾರಿವಾಳ, ಯಾವುದು ಹಸಿರು ಪಾರಿವಾಳ ಅಂತ ಖಚಿತವಾಗಿ ಹೇಳುವ ಧೈರ್ಯ ನನಗಂತೂ ಇಲ್ಲ. ಗದ್ದೆ ಆಚೆ ಕಾಫಿ ಗಿಡದ ಮರೆಯಲ್ಲಿ ಯಾರು ಕೆಲಸ ಮಾಡ್ತಿದ್ದಾರೆ ಅನ್ನೋದೂ ಕಾಣಲ್ಲ. ಅಷ್ಟು ಮಾಡಿಯೂ ಸಿಗೋದು ಸ್ವಲ್ಪ ಹೊತ್ತಿನ ನೆಮ್ಮದಿ. ಗುಂಪು ಒಂದು ಸುತ್ತು ಹೊಡೆದು ಮತ್ತೆ ಅಲ್ಲೇ ಇಳಿಯುತ್ತೆ. ಹಾಗಾಗಿ ಕೋವಿ ಗೋಡೆ ಮೇಲೇ ಇರಲಿ.

ಆದರೆ ಹಳೇ ಬೇಟೆಗಾರರ ಹತ್ತಿರ ಒಂದು ವಿದ್ಯೆ ಇತ್ತು, ಅದು ನಮಗೆ ಬೇಕು. ಹಕ್ಕಿ ಎಲ್ಲಿಂದ ಬರುತ್ತೆ, ಎಲ್ಲಿ ಕೂತು ನೋಡುತ್ತೆ, ಎಲ್ಲಿ ಇಳಿಯುತ್ತೆ ಅನ್ನೋದನ್ನ ಅವರು ಮೊದಲು ಓದಿಕೊಳ್ಳುತ್ತಿದ್ದರು. ಆಮೇಲೆ ಅವರು ಅಡಗಿ ಕೂರುತ್ತಿದ್ದರು. ನಾವು ಕಾಣಿಸಿಕೊಂಡು ಕೂರಬೇಕು. ವ್ಯತ್ಯಾಸ ಅಷ್ಟೇ.

ಪಾರಿವಾಳದ ದಾರಿ ಓದಿಕೊಳ್ಳಿ

ಅಟ್ಟಣೆಗೆ ಗೂಟ ನೆಡೋಕೆ ಮುಂಚೆ ಎರಡು ದಿನ ಬರೀ ನೋಡಿ. ಪಾರಿವಾಳ ರಾತ್ರಿ ಕಳೆಯೋದು ಸೇತುವೆ ಕೆಳಗೆ, ಹಳೇ ಕಟ್ಟಡದಲ್ಲಿ, ದೇವಸ್ಥಾನದ ಸಂದಿಯಲ್ಲಿ. ಬೆಳಕು ಹರಿದ ಮೇಲೆ ಹೊರಟು ಹೆಚ್ಚುಕಮ್ಮಿ ಒಂದೇ ದಾರಿ ಹಿಡಿದು ಬರುತ್ತೆ. ಬಂದದ್ದೇ ನೆಲಕ್ಕೆ ಬೀಳಲ್ಲ. ಕರೆಂಟ್ ತಂತಿ ಮೇಲೋ, ಒಣಗಿದ ಸಿಲ್ವರ್ ಮರದ ತುದಿಯಲ್ಲೋ ಕೂತು ನೋಡುತ್ತೆ. ಒಂದು ಸುತ್ತು ಹಾರಿ, ಗಾಳಿಗೆ ಎದುರಾಗಿ ಇಳಿಯುತ್ತೆ. ಈ ಮೂರು ಜಾಗವನ್ನೂ ಗುರುತು ಮಾಡಿಕೊಳ್ಳಿ.

ಇನ್ನೊಂದು ವಿಷಯ ಬಹಳ ಜನ ಗಮನಿಸಲ್ಲ. ಪಾರಿವಾಳದ ಕಾಲಿಗೆ ನೆಲ ಬೇಕು, ರಾಟವಾಳದ ಥರ ಅದು ತೆನೆಗೆ ಜೋತುಬೀಳಲ್ಲ. ಆದ್ದರಿಂದ ನಿಂತ ಪೈರಿಗಿಂತ ಸಸಿಮಡಿಗೆ, ಜೋಳ ಬಿತ್ತಿದ ಹೊಲಕ್ಕೆ, ಗಾಳಿಮಳೆಗೆ ಮಲಗಿದ ಭತ್ತಕ್ಕೆ, ಕೊಯ್ದು ಹರವಿದ ಅರಿಗೆ, ಆಮೇಲೆ ಕಣಕ್ಕೆ ಅದರ ಹಾವಳಿ ಜಾಸ್ತಿ. ಮೂರು ಎಕರೆ ಗದ್ದೆಯಲ್ಲಿ ಪೈರು ಮಲಗಿರೋದು ಐದು ಗುಂಟೆ ಆದರೆ ನೀವು ಕಾಯಬೇಕಾದ್ದು ಆ ಐದು ಗುಂಟೆಯನ್ನ.

ಕೂರುವ ಜಾಗ ಹಕ್ಕಿ ಇಳಿಯೋ ಜಾಗದ ಮೇಲೇ ಬೇಡ, ಅದು ಕೂತು ನೋಡೋ ಮರದ ಬುಡದಲ್ಲೂ ಬೇಡ. ಎರಡರ ನಡುವೆ, ಇಳಿಯೋ ಜಾಗಕ್ಕೆ ಒಂದು ಐವತ್ತು ಅರವತ್ತು ಅಡಿ ಮುಂಚೆ ಇರಲಿ. ಸುತ್ತು ಹೊಡೆಯುವಾಗಲೇ ಮನುಷ್ಯ ಕಂಡರೆ ಅದು ತಿರುಗುತ್ತೆ. ಒಮ್ಮೆ ಇಳಿದು ನಾಲ್ಕು ಕಾಳಿನ ರುಚಿ ನೋಡಿದ ಗುಂಪನ್ನ ಓಡಿಸೋದು ಕಷ್ಟ, ಓಡಿಸಿದರೂ ವಾಪಸ್ ಬರುತ್ತೆ. ಡಬ್ಬ ಬಡಿಯೋದು, ಕವಣೆ ಬೀಸೋದು ಎಲ್ಲ ಇಳಿಯೋಕೆ ಮುಂಚಿನ ಕೆಲಸ.

ಬಿಸಿಲು ಬೆನ್ನಿಗಿರಲಿ. ಬೆಳಗ್ಗೆ ಪೂರ್ವಕ್ಕೆ ಮುಖ ಹಾಕಿ ಕೂತರೆ ಕಣ್ಣು ಕುಕ್ಕಿ ಏನೂ ಕಾಣಲ್ಲ. ಗದ್ದೆಯ ಪೂರ್ವದ ಬದುವಿನಲ್ಲಿ ಕೂತು ಪಶ್ಚಿಮಕ್ಕೆ ನೋಡಬೇಕು, ಸಂಜೆ ಇದರ ಉಲ್ಟಾ. ಹೊತ್ತು ಮೇಲೆ ಬಂದ ಮೇಲೆ ಹಾವಳಿ ತಾನಾಗೇ ಇಳಿಯುತ್ತೆ. ಬೆಳಗಿನ ಎರಡು ಮೂರು ಗಂಟೆ, ಸಂಜೆಯ ಎರಡು ಗಂಟೆ ಗಟ್ಟಿಯಾಗಿ ಕಾದರೆ ಸಾಕು. ಮಧ್ಯಾಹ್ನ ಆಳು ಕೂರಿಸಿ ಕೂಲಿ ಕೊಡೋದು ದಂಡ.

ರಾಟವಾಳದ ಲೆಕ್ಕ ಬೇರೆ. ಅದು ಲಂಟಾನ ಬೇಲಿ ಬಿಟ್ಟು ದೂರ ಬರಲ್ಲ, ಹೆದರಿದರೆ ಅದೇ ಬೇಲಿಗೆ ನುಗ್ಗುತ್ತೆ. ಬೇಲಿ ಸವರಿ ಹತ್ತು ಹನ್ನೆರಡು ಅಡಿ ಬಯಲು ಮಾಡಿದರೆ ಅರ್ಧ ಕಾಟ ಕಮ್ಮಿ. ಗಿಳಿ ಎತ್ತರದಿಂದ ಕೂಗುತ್ತಾ ಬರೋದರಿಂದ ಮೊದಲೇ ಗೊತ್ತಾಗುತ್ತೆ. ನವಿಲು ನಡೆದು ಬರುತ್ತೆ, ಅದಕ್ಕೆ ನಾಯಿ ಸಾಕು.

ಇಲ್ಲಿ ಹಕ್ಕಿ ಒಂದೇ ಬರೋದಲ್ಲ

ಮಂಡ್ಯದ ಬಯಲಿನವರಿಗೆ ಇಷ್ಟು ಹೇಳಿ ಬಿಡಬಹುದಿತ್ತು. ನಮ್ಮಲ್ಲಿ ಆಗಲ್ಲ. ಹಕ್ಕಿ ಕಾಯೋಕೆ ಒಳ್ಳೇದು ಅನ್ನಿಸೋ ಜಾಗಗಳು, ಅಂದರೆ ತೋಟದ ಅಂಚು, ಮರದ ನೆರಳು, ಹಳ್ಳದ ದಡ, ಇವೇ ಆನೆ ಓಡಾಡೋ ಜಾಗ. ಹಕ್ಕಿ ಬರೋ ಹೊತ್ತೂ ಆನೆ ತೋಟಕ್ಕೆ ವಾಪಸ್ ಹೋಗೋ ಹೊತ್ತೂ ಒಂದೇ.

ಆಲೂರು–ಸಕಲೇಶಪುರದ ಆನೆಗಳು ಹಗಲು ಕಾಫಿ ತೋಟದಲ್ಲಿ ನಿಂತು ರಾತ್ರಿ ಗದ್ದೆಗೆ ಇಳಿಯುತ್ತವೆ. ಹೈಕೋರ್ಟ್ ನೇಮಿಸಿದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟ ಮೇಲೆ ಈ ಭಾಗದಿಂದ 20ಕ್ಕೂ ಹೆಚ್ಚು ಆನೆ ಹಿಡಿದು ಸಾಗಿಸಿದರು. ಆಮೇಲೂ ಆನೆ ಇವೆ, ನಿಮಗೇ ಗೊತ್ತು. 2023ರ ಡಿಸೆಂಬರ್ 4ರಂದು ಯಸಳೂರು ಭಾಗದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಅಂಬಾರಿ ಹೊತ್ತ ಅರ್ಜುನನೇ ಕಾಡಾನೆಯ ಹೊಡೆತಕ್ಕೆ ಸತ್ತ. ಸುತ್ತ ಮಾವುತರು, ಇಲಾಖೆ ಸಿಬ್ಬಂದಿ ಇದ್ದೂ ಹೀಗಾಯಿತು. ಕೈಯಲ್ಲಿ ಒಂದು ಡಬ್ಬ ಹಿಡಿದುಕೊಂಡು ಒಬ್ಬನೇ ಗದ್ದೆಗೆ ಹೋಗುವವನ ಲೆಕ್ಕ ಎಷ್ಟು?

ಆದ್ದರಿಂದ ಪೂರ್ವದ ಬದುವಿಗೆ ತೋಟ ಅಂಟಿಕೊಂಡಿದ್ದರೆ ಬಿಸಿಲಿನ ಲೆಕ್ಕ ಬಿಟ್ಟುಬಿಡಿ. ಮನೆ ಕಡೆಯ ಬದುವಿಗೆ ಬನ್ನಿ, ಹಣೆಗೊಂದು ಟೋಪಿ ಹಾಕಿಕೊಳ್ಳಿ. ತೋಟದ ಅಂಚಿಗೂ ನಿಮಗೂ ನಡುವೆ ಗದ್ದೆಯ ಬಯಲು ಪೂರ್ತಿ ಇರಬೇಕು. ಆಗ ಆನೆ ಹೊರಬಂದರೆ ಕಾಣೋಕೆ, ಎದ್ದು ಹೋಗೋಕೆ ಸಮಯ ಸಿಗುತ್ತೆ. ಬೆನ್ನ ಹಿಂದೆ ಮನೆಗೆ ಅಥವಾ ರಸ್ತೆಗೆ ನೇರ ದಾರಿ ಇರಲಿ. ಆ ದಾರಿ ಹಳ್ಳ ದಾಟಬಾರದು, ಕೆಸರಾಗಿರಬಾರದು. ಮಾರನೇ ದಿನ ಲದ್ದಿ, ಹೆಜ್ಜೆ ಕಂಡ ಜಾಗದಲ್ಲಿ ಅಟ್ಟಣೆ ಹಾಕಲೇಬೇಡಿ. ಆನೆ ಹಳೇ ದಾರಿ ಬಿಡಲ್ಲ.

ಅಟ್ಟಣೆ ಎತ್ತರವಾಗಿದ್ದರೆ ಆನೆ ಏನೂ ಮಾಡಲ್ಲ ಅನ್ನೋದು ತಪ್ಪು ತಿಳುವಳಿಕೆ. ಹತ್ತು ಹನ್ನೆರಡು ಅಡಿ ಸೊಂಡಿಲಿಗೆ ಯಾವ ಲೆಕ್ಕ? ಗೂಟ ತಳ್ಳಿದರೆ ಮುಗಿಯಿತು. ಹಕ್ಕಿ ನೋಡೋಕೆ ಐದಾರು ಅಡಿ ಸಾಕು, ಅದರಿಂದ ಹಾರಿ ಇಳಿದು ಓಡಬಹುದು. ಮೇಲೆ ಸೋಗೆ ಹೊದಿಸಿ, ನಾಲ್ಕೂ ಕಡೆ ತೆರೆದಿರಲಿ. ಹುಲ್ಲಿನ ಗೋಡೆ ಕಟ್ಟಿದರೆ ಹಕ್ಕಿಗೆ ನೀವು ಕಾಣಲ್ಲ, ನಿಮಗೆ ಆನೆ ಕಾಣಲ್ಲ. ಬಾಳೆಹಣ್ಣು, ಹಲಸು, ಉಪ್ಪು, ಸಾರಾಯಿ ಅಲ್ಲಿ ಇಡಬೇಡಿ. ರಾತ್ರಿ ಮಲಗೋದಂತೂ ಬೇಡವೇ ಬೇಡ.

ಬೆಳಗ್ಗೆ ಹೊರಡೋ ಮುಂಚೆ ಮೊಬೈಲಿನಲ್ಲಿ ಆನೆ ಇರುವ ಬಗ್ಗೆ ಸಂದೇಶ ಬಂದಿದೆಯಾ ನೋಡಿ, ಎಚ್ಚರಿಕೆ ದೀಪ ಇರೋ ಕಡೆ ಅದನ್ನೂ ನೋಡಿ. ಅಕ್ಕಪಕ್ಕದವರಿಗೆ ಒಂದು ಫೋನ್ ಹಾಕಿ. ನವೆಂಬರ್ ಡಿಸೆಂಬರಿನಲ್ಲಿ ಮಂಜು ಕವಿದಿದ್ದರೆ ಮಂಜು ಕರಗೋ ತನಕ ಮನೇಲಿರಿ. ಅರ್ಧ ಗಂಟೆಯಲ್ಲಿ ಹಕ್ಕಿ ತಿನ್ನೋದು ಸೇರಿನ ಲೆಕ್ಕ, ಹೋಗಲಿ ಬಿಡಿ. ಒಬ್ಬರೇ ಹೋಗಬೇಡಿ, ಶಾಲೆ ಮಕ್ಕಳನ್ನ ಕಳಿಸಲೇಬೇಡಿ. ಹಿಂದೆ ಹಕ್ಕಿ ಕಾಯೋದು ಮಕ್ಕಳ ಕೆಲಸ ಆಗಿತ್ತು, ಈಗ ಆ ಕಾಲ ಅಲ್ಲ.

ನೀವಿಲ್ಲದ ಹೊತ್ತಿಗೆ ಹೊಳೆಯುವ ರಿಬ್ಬನ್ ಕಟ್ಟಿ. ಪೈರಿನ ತುದಿಗಿಂತ ಒಂದೂವರೆ ಅಡಿ ಮೇಲೆ, ಉತ್ತರ–ದಕ್ಷಿಣವಾಗಿ, ಎರಡು ಮೂರು ತಿರುವು ಕೊಟ್ಟು ಎಳೆದರೆ ಬೆಳಗ್ಗೆ ಸಂಜೆ ಬಿಸಿಲು ಬಡಿದು ಮಿಂಚುತ್ತೆ, ಗಾಳಿಗೆ ಗುಂಯ್ ಅನ್ನುತ್ತೆ. ಹಾಲುಗಾಳು ಬರೋಕೆ ಮುಂಚೆ ಕಟ್ಟಿ ಖರ್ಚು ಮಾಡಬೇಡಿ. ಹಕ್ಕಿಗೆ ಬೇಗ ಅಭ್ಯಾಸ ಆಗುತ್ತೆ. ಬೆದರುಗೊಂಬೆಯೂ ಹಾಗೇ, ನಾಲ್ಕೈದು ದಿನಕ್ಕೊಮ್ಮೆ ಜಾಗ, ಅಂಗಿ ಎರಡೂ ಬದಲಾಗಬೇಕು. ಸಸಿಮಡಿಗೆ ಬಲೆಯೇ ಸರಿ: ಬಿತ್ತಿದ ದಿನ ಹುಲ್ಲು ಮುಚ್ಚಿ, ಮೊಳಕೆ ಎದ್ದ ಮೇಲೆ ಹುಲ್ಲು ತೆಗೆದು ಹತ್ತು ದಿನ ಬಲೆ ಹಾಕಿದರೆ ಅಲ್ಲಿ ಯಾರೂ ಕೂರೋದೇ ಬೇಡ. ಬಲೆಯ ಅಂಚನ್ನ ನೆಲಕ್ಕೆ ಬಿಗಿಯಾಗಿ ಗೂಟ ಹೊಡೆದು ಕಟ್ಟಿ, ಸಡಿಲ ಬಿಟ್ಟರೆ ಕೇರೆಹಾವು ಸಿಕ್ಕಿಕೊಳ್ಳುತ್ತೆ. ಇಲಿ ಹಿಡಿಯೋಕೆ ಅದು ಬೇಕು.