ಅರಿವಳಿಕೆ ಮದ್ದು ನಂಜನ್ನೂ ತಡೆದೀತೇ?

ಮಳೆಗಾಲ ಬಂತೆಂದರೆ ಅಕ್ಕಿಆಲೂರು, ಹಾನಗಲ್ ಭಾಗದಲ್ಲಿ ದನ-ಎಮ್ಮೆ ಸಾಕಿದವರಿಗೆ ಗಳಲೆ ರೋಗದ ಅಂಜಿಕೆ. ಗಂಟಲು ಬೇನೆ ಎಂದೂ ಕರೆಯುವ ಈ ರೋಗ ತಗುಲಿದ ಎಮ್ಮೆಗೆ ಜ್ವರ ಏರುತ್ತದೆ, ಗಂಟಲು ಬಾಯುತ್ತದೆ, ಉಸಿರಾಟ ಕಷ್ಟವಾಗುತ್ತದೆ. ಎಷ್ಟೋ ಸಲ ಒಂದೆರಡು ದಿನಗಳಲ್ಲೇ ಸಾವು. ಕಾರಣ, ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ. ಆದರೆ ಎಮ್ಮೆಯನ್ನು ಕೊಲ್ಲುವುದು ರೋಗಾಣು ಒಂದೇ ಅಲ್ಲ; ಅದರ ವಿರುದ್ಧ ದೇಹ ಹೂಡುವ ಯುದ್ಧವೂ ಹೌದು.

ಈ ಬ್ಯಾಕ್ಟೀರಿಯಾದ ಹೊರಕವಚದಲ್ಲಿ 'ಎಂಡೋಟಾಕ್ಸಿನ್' ಎಂಬ ವಿಷವಿದೆ. ಅದು ರಕ್ತಕ್ಕೆ ಸೇರಿದೊಡನೆ ಬಿಳಿ ರಕ್ತಕಣಗಳು ಟಿ.ಎನ್.ಎಫ್. ಮೊದಲಾದ ರಾಸಾಯನಿಕಗಳನ್ನು ಹೊರಸೂಸುತ್ತವೆ. ಮಿತಿಯಲ್ಲಿದ್ದರೆ ಇವು ರಕ್ಷಕರು. ಮಿತಿಮೀರಿದರೆ ರಕ್ತನಾಳಗಳು ಸಡಿಲಗೊಂಡು ಸೋರತೊಡಗುತ್ತವೆ, ರಕ್ತದೊತ್ತಡ ಕುಸಿಯುತ್ತದೆ, ಮೂತ್ರಪಿಂಡ, ಮಿದುಳುಗಳಿಗೆ ಆಮ್ಲಜನಕ ಸಾಲದಾಗುತ್ತದೆ. ಇದೇ ಸೆಪ್ಟಿಕ್ ಶಾಕ್. ಮನುಷ್ಯರನ್ನೂ ಇದು ಬಿಟ್ಟಿಲ್ಲ.

ಇಲ್ಲಿ ಅರಿವಳಿಕೆಯ ಮಾತೇಕೆ? ಅನೇಕ ಅರಿವಳಿಕೆ ಮದ್ದುಗಳು ರಕ್ತದೊತ್ತಡವನ್ನು ಇಳಿಸುತ್ತವೆ. 1962ರಲ್ಲಿ ಅಮೆರಿಕದಲ್ಲಿ ತಯಾರಾದ ಕೆಟಮಿನ್ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಪಶುವೈದ್ಯರಿಗೂ ಇದು ಚಿರಪರಿಚಿತ. ಇದು ನಂಜಿನ ಆಘಾತವನ್ನೂ ತಗ್ಗಿಸೀತೇ ಎಂದು ಜಪಾನಿನ ಸಂಶೋಧಕರು ಇಲಿಗಳ ಮೇಲೆ ಪ್ರಯೋಗ ಮಾಡಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವು ಇಲಿಗಳಿಗೆ ಎಂಡೋಟಾಕ್ಸಿನ್ ಮಾತ್ರ, ಕೆಲವಕ್ಕೆ ಕೆಟಮಿನ್ ಮಾತ್ರ, ಕೆಲವಕ್ಕೆ ಎರಡೂ, ಇನ್ನು ಕೆಲವಕ್ಕೆ ಬರೀ ಲವಣದ್ರಾವಣ. ಹೀಗೆ ಹೋಲಿಸಿದರೆ ಮಾತ್ರ ಯಾವುದರ ಪರಿಣಾಮ ಯಾವುದೆಂದು ತಿಳಿಯುತ್ತದೆ. ಎರಡನ್ನೂ ಪಡೆದ ಇಲಿಗಳಲ್ಲಿ ಟಿ.ಎನ್.ಎಫ್. ಏರಿಕೆ ಕಡಿಮೆಯಿತ್ತು, ರಕ್ತದೊತ್ತಡದ ಕುಸಿತವೂ ಕಡಿಮೆ.

ಹಾಗಾದರೆ ಮದ್ದು ಸಿಕ್ಕಿತೇ? ಅವಸರ ಬೇಡ. 1985ರಲ್ಲಿ ಟಿ.ಎನ್.ಎಫ್.ಗೆ ಪ್ರತಿಕಾಯ ಕೊಟ್ಟು ಇಲಿಗಳನ್ನು ಎಂಡೋಟಾಕ್ಸಿನ್‌ನಿಂದ ಉಳಿಸಿದಾಗಲೂ ಇಂಥದೇ ಭರವಸೆ ಮೂಡಿತ್ತು. 1990ರ ದಶಕದಲ್ಲಿ ರೋಗಿಗಳ ಮೇಲೆ ಪರೀಕ್ಷಿಸಿದಾಗ ನಿರೀಕ್ಷಿಸಿದ ಫಲ ಸಿಗಲಿಲ್ಲ. ಪ್ರಯೋಗಾಲಯದಲ್ಲಿ ವಿಷ ಸೇರುವ ಗಳಿಗೆ ಗೊತ್ತಿರುತ್ತದೆ, ಮದ್ದನ್ನು ಮುಂಚೆಯೇ ಕೊಡಬಹುದು. ರೋಗಿ ಬರುವುದು ಬೆಂಕಿ ಹೊತ್ತಿದ ಮೇಲೆ. ಕೆಟಮಿನ್ ಕೂಡ ಇಂದು ಅರಿವಳಿಕೆಯೇ ಹೊರತು ಸೆಪ್ಟಿಕ್ ಶಾಕಿನ ಚಿಕಿತ್ಸೆಯಲ್ಲ.

ಇಲಿಯಲ್ಲಿ ಗೆದ್ದದ್ದು ಮೊದಲ ಮೆಟ್ಟಿಲು ಮಾತ್ರ. 'ಹೊಸ ಮದ್ದು' ಎಂಬ ಸುದ್ದಿ ಓದಿದಾಗ, ಯಾರ ಮೇಲೆ ಪರೀಕ್ಷಿಸಿದರು, ಯಾವಾಗ ಕೊಟ್ಟರು ಎಂದು ವಿದ್ಯಾರ್ಥಿಗಳು ಕೇಳಬೇಕು. ಹಿರಿಯರು ಮುಂಗಾರಿಗೆ ಮೊದಲೇ ದನಕರುಗಳಿಗೆ ಗಳಲೆ ಲಸಿಕೆ ಹಾಕಿಸಬೇಕು. ಮನೆಯಲ್ಲಿ ಯಾರಿಗಾದರೂ ಜ್ವರದೊಡನೆ ಏದುಸಿರು, ಮಂಕು, ಮೂತ್ರ ಕಡಿಮೆಯಾಗುವುದು ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಬೇಗ ಕೊಟ್ಟ ಆ್ಯಂಟಿಬಯೋಟಿಕ್ ಮತ್ತು ಸಲೈನೇ ಇಂದಿಗೂ ಜೀವ ಉಳಿಸುವ ಮದ್ದು.