ಹಿಗ್ಗು

ಮನಸ್ಸಿನ ಸುಖವನ್ನು ಹೇಳಲು ಕನ್ನಡದಲ್ಲಿ ಹಲವು ಮಾತುಗಳಿವೆ. ಕಲಬುರಗಿ ಜಿಲ್ಲೆಯ ಪೂರ್ವ ಭಾಗದಲ್ಲಿ ಅವುಗಳ ಬೇರೆ ಬೇರೆ ಮೂಲಗಳನ್ನು ಗುರುತಿಸಬಹುದು. ಸಂತೋಷ, ಆನಂದ, ಉಲ್ಲಾಸ ಎಂಬುವು ಸಂಸ್ಕೃತ ಶಬ್ದಗಳು. ಚಿತ್ತಾಪುರದ ಸಮೀಪದ ನಾಗಾವಿ ಎಂಬ ಪ್ರಾಚೀನ ವಿದ್ಯಾಕೇಂದ್ರವು ಈ ಸೀಮೆಯ ಸಂಸ್ಕೃತ ವಿದ್ಯೆಗೆ ಸಾಕ್ಷಿಯಾಗಿದೆ. ‘ಖುಷಿ’ ಎಂಬುದು ಪಾರಸಿಯ ಮಾತು. ಶಹಾಬಾದ್ ಎಂಬ ಊರಿನ ಹೆಸರೂ ಆ ಭಾಷೆಯದೇ. 1948ರವರೆಗೆ ಈ ಪ್ರದೇಶವು ಹೈದರಾಬಾದಿನ ನಿಜಾಮರ ಆಳ್ವಿಕೆಗೆ ಸೇರಿದ್ದುದರಿಂದ, ಉರ್ದುವಿನ ಮೂಲಕ ಬಂದ ಇಂಥ ಮಾತುಗಳು ಜನರ ನಾಲಗೆಯಲ್ಲಿ ನೆಲೆಗೊಂಡವು. ಇವುಗಳ ನಡುವೆ ಅಚ್ಚಗನ್ನಡದ ಒಂದು ಪುಟ್ಟ ಪದವು ತನ್ನ ಸ್ಥಾನವನ್ನು ಉಳಿಸಿಕೊಂಡಿದೆ. ಅದೇ ‘ಹಿಗ್ಗು’.

ಹಿಗ್ಗುವುದೆಂದರೆ ಗಾತ್ರದಲ್ಲಿ ದೊಡ್ಡದಾಗುವುದು. ವಾಡಿ ಜಂಕ್ಷನ್ನಿನಲ್ಲಿ ಬೇಸಗೆಯ ಬಿಸಿಲಿಗೆ ರೈಲುಕಂಬಿಗಳು ಹಿಗ್ಗುತ್ತವೆ. ಸೇಡಂ, ಚಿಂಚೋಳಿಗಳ ಎರೆಭೂಮಿಯೂ ಹಾಗೆಯೇ. ಅದರ ಜಿಗುಟು ಮಣ್ಣು ನೀರನ್ನು ಹೀರಿ ಹಿಗ್ಗುತ್ತದೆ. ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ತೊಗರಿ ಬಿತ್ತುವ ರೈತನಿಗೆ ಈ ನೆಲವೇ ಬದುಕು. ಹದವಾದ ಮಳೆ ಬಂದರೆ ನೆಲದೊಡನೆ ಅವನೂ ಹಿಗ್ಗುತ್ತಾನೆ; ಮಳೆ ತಪ್ಪಿದರೆ ನೆಲದೊಡನೆ ಅವನೂ ಕುಗ್ಗುತ್ತಾನೆ. ಮಣ್ಣಿಗೂ ಮನಸ್ಸಿಗೂ ಕನ್ನಡವು ಒಂದೇ ಮಾತನ್ನು ಬಳಸಿದೆ.

ವ್ಯಾಕರಣದಲ್ಲಿಯೂ ಈ ಪದಕ್ಕೊಂದು ವಿಶೇಷವುಂಟು. ಸಂತೋಷ, ಆನಂದಗಳು ಕ್ರಿಯೆಯಾಗಲು ‘ಪಡು’, ‘ಇಸು’ಗಳಂಥವುಗಳ ಆಸರೆ ಬೇಕು: ಸಂತೋಷಪಟ್ಟನು, ಆನಂದಪಟ್ಟನು. ‘ಹಿಗ್ಗು’ ನಾಮಪದವೂ ಹೌದು, ಕ್ರಿಯಾಪದವೂ ಹೌದು: ‘ಅವಳ ಹಿಗ್ಗಿಗೆ ಪಾರವಿಲ್ಲ’, ‘ಅವಳು ಹಿಗ್ಗಿದಳು’. ‘ಹಿಗ್ಗಿ ಹೀರೇಕಾಯಿಯಾದನು’ ಎಂಬ ನುಡಿಗಟ್ಟಿನಲ್ಲಿ ಉಬ್ಬಿದ ಮನಸ್ಸಿನ ಚಿತ್ರವೇ ಕಣ್ಣಿಗೆ ಕಟ್ಟುತ್ತದೆ.

ಈ ಪದವನ್ನು ಎಲ್ಲೆಂದರಲ್ಲಿ ಬಳಸಲಾಗದು. ತಂಪಾದ ನೀರು ಕುಡಿದವನಿಗೆ ಹಿತವಾಗುತ್ತದೆ, ಅವನು ಹಿಗ್ಗುವುದಿಲ್ಲ. ಶಹಾಬಾದಿನ ಹಾಸುಗಲ್ಲಿನ ಗಣಿಯಲ್ಲಿ ದುಡಿಯುವ ತಂದೆಯೊಬ್ಬನು, ತನ್ನ ಮಗಳು ಪರೀಕ್ಷೆಯಲ್ಲಿ ತೇರ್ಗಡೆಯಾದ ಸುದ್ದಿಯನ್ನು ಕೇಳಿದನೆನ್ನೋಣ. ಒಳಗೆ ಹಿಡಿದಿಡಲಾರದ ಅವನ ಆ ಸಂತೋಷವೇ ಹಿಗ್ಗು.

ಹಿಗ್ಗಿಗೂ ಮಿತಿಯುಂಟು. ಹಿಗ್ಗಲು ಎಡೆಯಿಲ್ಲದ ಕಂಬಿ ಬಾಗಿಹೋಗುವಂತೆ, ಮಿತಿ ಮೀರಿದ ಹಿಗ್ಗು ಗರ್ವವಾಗುತ್ತದೆ. ಆದುದರಿಂದಲೇ ಸುಖದಲ್ಲಿ ಹಿಗ್ಗದೆ, ದುಃಖದಲ್ಲಿ ಕುಗ್ಗದೆ ಬಾಳಬೇಕೆಂದು ಹಿರಿಯರು ಹೇಳುವರು. ಆದರೆ ಪರರ ಏಳಿಗೆಯನ್ನು ಕಂಡು ಹಿಗ್ಗುವವನಿಗೆ ಗರ್ವದ ಭಯವಿಲ್ಲ. ಅವನ ಮನಸ್ಸು ನಿಜವಾಗಿಯೂ ದೊಡ್ಡದಾಗುತ್ತದೆ.