ಘಟಪ್ರಭೆಯ ದಂಡೆಯಿಂದ ಬೆಳ್ಳಿತೆರೆಗೆ: ಚಂದ್ರಶೇಖರ ಕಂಬಾರರ ಚಿತ್ರಯಾನ

26ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಶ್ರೇಷ್ಠ ಹಿನ್ನೆಲೆ ಗಾಯಕನೆಂಬ ಗೌರವ ಶಿವಮೊಗ್ಗ ಸುಬ್ಬಣ್ಣನವರಿಗೆ ಸಂದಾಗ ಇಡೀ ಕರ್ನಾಟಕ ಪುಳಕಗೊಂಡಿತ್ತು. ಹಿನ್ನೆಲೆ ಗಾಯನಕ್ಕೆ ಕನ್ನಡಿಗರೊಬ್ಬರು ಆ ಪ್ರಶಸ್ತಿ ಪಡೆದದ್ದು ಅದೇ ಮೊದಲು. ಚಿತ್ರ ‘ಕಾಡು ಕುದುರೆ’. ಅದರ ಹಾಡಿನ ಪದ, ರಾಗಸಂಯೋಜನೆ, ಚಿತ್ರದ ನಿರ್ದೇಶನ ಎಲ್ಲವೂ ಒಬ್ಬರದೇ. ಸ್ಟುಡಿಯೋಗಳಲ್ಲಿ ಪಳಗಿದವರಲ್ಲ ಅವರು. ಕವಿ, ಕನ್ನಡದ ಮೇಷ್ಟ್ರು ಡಾ. ಚಂದ್ರಶೇಖರ ಕಂಬಾರ.

1937ರ ಜನವರಿ 2ರಂದು ಕಂಬಾರರು ಹುಟ್ಟಿದ ಘೋಡಗೇರಿ, ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಹಳ್ಳಿ. ಚಿಕ್ಕೋಡಿ, ರಾಯಬಾಗಗಳು ಹುಕ್ಕೇರಿಯ ಮಗ್ಗುಲ ತಾಲ್ಲೂಕುಗಳು. ತಂದೆ ಬಸವಣ್ಣೆಪ್ಪ, ತಾಯಿ ಚೆನ್ನಮ್ಮ. ಬಡತನದಿಂದ ಓದು ನಿಂತೇಹೋಗುವಂತಾದಾಗ ಸಾವಳಗಿ ಮಠದ ಸಿದ್ಧರಾಮ ಸ್ವಾಮೀಜಿ ಪ್ರೌಢಶಾಲೆಯ ಖರ್ಚು ವಹಿಸಿಕೊಂಡರು. ಆ ಆಸರೆ ದೊರೆಯದಿದ್ದರೆ ಕನ್ನಡ ಕಳೆದುಕೊಳ್ಳುತ್ತಿದ್ದುದು ಒಬ್ಬ ಕವಿಯನ್ನಷ್ಟೇ ಅಲ್ಲ.

ಈ ಸೀಮೆಯ ವೈಚಿತ್ರ್ಯವೊಂದಿದೆ. ನಿಪ್ಪಾಣಿಯಿಂದ ಹೆದ್ದಾರಿ ಹಿಡಿದರೆ ತುಸು ಹೊತ್ತಿನಲ್ಲೇ ಕೊಲ್ಲಾಪುರ. ಬಾಬುರಾವ್ ಪೇಂಟರ್ ಮೂಕಿ ಚಿತ್ರಗಳನ್ನು ತಯಾರಿಸಿದ, 1929ರಲ್ಲಿ ಪ್ರಭಾತ್ ಫಿಲ್ಮ್ ಕಂಪನಿ ಉದಯಿಸಿದ ನಗರವದು. ಸಿನಿಮಾದ ವೈಭವ ಅಷ್ಟು ಸಮೀಪದಲ್ಲಿದ್ದರೂ ಗಡಿಯ ಈಚೆಗಿನ ಕನ್ನಡಿಗನ ಮಾತು ಬಹುಕಾಲ ತೆರೆಗೆ ದೂರವೇ ಉಳಿಯಿತು. ಮೈಸೂರು ಸೀಮೆಯ ಭಾಷೆಗೆ ಒಗ್ಗಿದ್ದ ಚಿತ್ರರಂಗದಲ್ಲಿ ಬೆಳಗಾವಿಯ ಜವಾರಿ ಕನ್ನಡಕ್ಕೆ ದಕ್ಕುತ್ತಿದ್ದುದು ಬಹುಮಟ್ಟಿಗೆ ನಗೆಪಾತ್ರ. ಆ ಮಾತಿನಲ್ಲೇ ಪ್ರೇಮ, ಕ್ರೌರ್ಯ, ದೈವಗಳನ್ನು ಆಡಿಸಬಹುದೆಂದು ತೋರಿಸಿದ್ದು ಕಂಬಾರರ ಮಹತ್ಸಾಧನೆ.

ಸಿದ್ಧತೆ ನಡೆದದ್ದು ರಂಗಭೂಮಿಯಲ್ಲಿ. ಭಾದ್ರಪದದಲ್ಲಿ ಗಣಪತಿ ಹೋದ ಬೆನ್ನಿಗೇ ಈ ಭಾಗದ ಹಳ್ಳಿಗಳಿಗೆ ಜೋಕುಮಾರ ಬರುತ್ತಾನೆ. ಬುಟ್ಟಿಯಲ್ಲಿ ಬೇವಿನೆಲೆಯ ನಡುವೆ ಕೂತ ಮಣ್ಣಿನ ಮೂರ್ತಿ. ಅಗಲ ಕಣ್ಣು, ತೆರೆದ ಬಾಯಿ, ತುಟಿಗೆ ಮೆತ್ತಿದ ಬೆಣ್ಣೆ. ಹೆಣ್ಣುಮಕ್ಕಳು ಹಾಡುತ್ತ ಮನೆಮನೆಗೆ ಹೊತ್ತು ತಂದರೆ ಗೃಹಿಣಿಯರು ಮೊರದಲ್ಲಿ ಜೋಳ ತಂದು ನೀಡುತ್ತಾರೆ. ಈ ಫಲವಂತಿಕೆಯ ಆಚರಣೆಗೆ ಉಳುವವನ ಭೂಮಿಯ ಪ್ರಶ್ನೆಯನ್ನು ಬೆಸೆದ ನಾಟಕ ‘ಜೋಕುಮಾರಸ್ವಾಮಿ’. 1972ರಲ್ಲಿ ಬಿ.ವಿ. ಕಾರಂತರ ನಿರ್ದೇಶನದಲ್ಲಿ ಅದು ರಂಗಕ್ಕೇರಿದಾಗ ನಗರದ ಪ್ರೇಕ್ಷಕರು ಬಯಲಾಟದ ಬಿಸಿಗೆ ಬೆರಗಾದರು. ಆ ಬಿಸಿಯೇ ಮುಂದೆ ಚಿತ್ರಗಳಿಗೂ ಹರಿಯಿತು.

ಕಂಬಾರರ ‘ಋಷ್ಯಶೃಂಗ’ ಚಿತ್ರವಾಗಿ ಕಾರಂತರಿಗೆ ಸಂಗೀತ ನಿರ್ದೇಶನದ ರಾಷ್ಟ್ರಪ್ರಶಸ್ತಿ ತಂದಿತು. ‘ಕರಿಮಾಯಿ’ಯನ್ನು ತಾವೇ ನಿರ್ದೇಶಿಸಿದರು. ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಭಂಡಾರದ ಹಳದಿಗೆ ಮೈಯೊಡ್ಡಿದವರಿಗೆ ಗ್ರಾಮದೇವತೆ ಕರಿಮಾಯಿಯ ಜಗತ್ತನ್ನು ಯಾರೂ ಪರಿಚಯಿಸಬೇಕಿಲ್ಲ. 1981ರಲ್ಲಿ ‘ಸಂಗೀತ’ ಬಂತು. ನಿರ್ದೇಶಕ ಕಂಬಾರರು ಕವಿ ಕಂಬಾರರಷ್ಟು ಸಮೃದ್ಧರಲ್ಲ ಎನ್ನಬೇಕು. ಕೈಯಲ್ಲಿ ಎಣಿಸುವಷ್ಟು ಚಿತ್ರಗಳಲ್ಲೇ ಆ ಅಧ್ಯಾಯ ಮುಗಿಯಿತು. ಆದರೆ ಕಥೆಗಳು ಬೇರೆ ಕೈಗಳಲ್ಲಿ ಬಾಳಿದವು. ಕೆ.ಎಸ್.ಎಲ್. ಸ್ವಾಮಿಯವರ ‘ಹರಕೆಯ ಕುರಿ’, ಟಿ.ಎಸ್. ನಾಗಾಭರಣರ ‘ಸಿಂಗಾರವ್ವ’ ಎರಡೂ ಶ್ರೇಷ್ಠ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಗಳಿಸಿದವು. ಮೊದಲನೆಯದು ರಾಜಕಾರಣದ ಕುಟಿಲ, ಎರಡನೆಯದು ಅರಮನೆಯೊಳಗಿನ ಹೆಣ್ಣಿನ ದಾರುಣ ಕಥೆ.

ಗೌರವಗಳ ಪಟ್ಟಿ ದೀರ್ಘ: 2010ರ ಸಾಲಿನ ಜ್ಞಾನಪೀಠ, 2021ರಲ್ಲಿ ಪದ್ಮಭೂಷಣ. ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿ ಅವರೇ. ವಿ.ಕೃ. ಗೋಕಾಕ್, ಯು.ಆರ್. ಅನಂತಮೂರ್ತಿಯವರ ನಂತರ 2018ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷಪೀಠವೇರಿದ ಕನ್ನಡಿಗರೂ ಅವರೇ. ಇಷ್ಟಾದರೂ ಅವರ ಕಥಾಲೋಕದ ರಾಜಧಾನಿ ಬದಲಾಗಲಿಲ್ಲ. ಅದು ಇಂದಿಗೂ ಶಿವಾಪುರವೆಂಬ ಕಲ್ಪಿತ ಹಳ್ಳಿ. ಅಲ್ಲಿಯ ಜನ ಆಡುವುದು ಘಟಪ್ರಭೆಯ ದಂಡೆಯ ಕನ್ನಡವನ್ನೇ.